ಸರೋಜಾ ಸೀರೆ ಬದಲಿಸುವ ಹೊತ್ತು

ವಿದ್ಯಾನಗರ, ದಾವಣಗೆರೆ
11 ಆಗಸ್ಟ್ 2024

ಶ್ರೀ ಪರಶುರಾಮ್ ಅವರಿಗೆ ನಮಸ್ಕಾರ.

ನನ್ನ ಹೆಸರು ದುರ್ಗಾ. ಪಿಯುಸಿ ಎರಡನೆಯ ವರ್ಷ. ಊರು ಹರಿಹರ ತಾಲ್ಲೂಕಿನ ಕಡರನಾಯಕನಹಳ್ಳಿ, ಈಗ ಇರುವುದು ವಿದ್ಯಾನಗರದ ಹುಡುಗಿಯರ ಹಾಸ್ಟೆಲ್ಲಿನಲ್ಲಿ. ನೀವು ನನ್ನನ್ನು ನೋಡಿಲ್ಲ. ನಾನು ನಿಮ್ಮನ್ನು ಒಂದು ಫೋಟೋದಲ್ಲಿ ನೋಡಿದ್ದೇನೆ, ಅದರಲ್ಲಿ ನಿಮಗೆ ಭುಜದವರೆಗೆ ಕೂದಲಿದೆ.

ಆ ಫೋಟೋ ಯೂಟ್ಯೂಬಿನಲ್ಲಿದೆ. ಹಿಂದೆ ಕ್ಯಾಸೆಟ್ ಅಂಗಡಿ ಇಟ್ಟಿದ್ದ ಕರಿಬಸವರಾಜ ಎನ್ನುವವರು ತಮ್ಮ ಹಳೆಯ ಕ್ಯಾಸೆಟ್ಟುಗಳನ್ನು ಒಂದೊಂದಾಗಿ ಅಲ್ಲಿಗೆ ಏರಿಸುತ್ತಿದ್ದಾರೆ. ನಿಮ್ಮದಕ್ಕೆ 'ತುಂಗಭದ್ರಾ ಮೆಲೋಡೀಸ್, ಲೀಡ್ ಗಿಟಾರ್ ಪರಶುರಾಮ್, ಗಣೇಶೋತ್ಸವ 1994' ಎಂದು ಹೆಸರು ಕೊಟ್ಟಿದ್ದಾರೆ. ಹಾಡಿಲ್ಲ, ಗಿಟಾರ್ ಮಾತ್ರ. ಫೋಟೋ ಅಲುಗಾಡುವುದಿಲ್ಲ, ಹಿಂದೆ ಸದ್ದು ಬರುತ್ತದೆ.

ನನ್ನ ಗೆಳತಿ ಸಿದ್ದೀಕಾಳ ಮನೆ ಎಂ.ಸಿ.ಸಿ. 'ಬಿ' ಬ್ಲಾಕಿನಲ್ಲಿದೆ. ಅವಳ ಅಣ್ಣ ಮದುವೆಯಾದ ಮೇಲೆ ಮುಟ್ಟದೆ ಬೀರುವಿನ ಮೇಲಿಟ್ಟ ಗಿಟಾರನ್ನು ನಾನು ಒಂದು ವರ್ಷದಿಂದ ನುಡಿಸುತ್ತಿದ್ದೇನೆ. ಕಾಲೇಜು ಮುಗಿಸಿ ಅವರ ಮನೆಯ ಮಾಳಿಗೆಗೆ ಹೋಗಿ ಕಲಿಯುವುದು. ಮೊದಲೆಲ್ಲ ಅದು ನನಗೆ ಹೊತ್ತು ಕಳೆಯುವ ಸಾಮಾನಾಗಿತ್ತು. ಜೂನ್ ತಿಂಗಳಲ್ಲಿ ನಿಮ್ಮ ಪೀಸು ಕೇಳಿದೆ. ಆ ದಿನ ಹಾಸ್ಟೆಲ್ಲಿಗೆ ನಡೆದು ಬರುವಾಗ ನಮ್ಮ ಬೀದಿಯನ್ನು ದಾಟಿ ಎರಡು ಬೀದಿ ಮುಂದೆ ಹೋಗಿದ್ದೆ. ಅಷ್ಟು ವೇಗ, ಆದರೂ ಒಂದು ಸ್ವರವೂ ಇನ್ನೊಂದರ ಮೇಲೆ ಬೀಳುವುದಿಲ್ಲ. ಹಾಗೆ ನುಡಿಸುವವರು ನಾನು ಬಸ್ಸು ಬದಲಿಸುವ ಹರಿಹರದಲ್ಲೇ ಇದ್ದಾರೆ ಎನ್ನುವುದು ವಿಚಿತ್ರ ಅನಿಸಿತು.

ಜನವರಿಯಲ್ಲಿ ಕಾಲೇಜಿನ ವಾರ್ಷಿಕೋತ್ಸವ. ಆ ಪೀಸನ್ನು ಒಬ್ಬಳೇ ನುಡಿಸುತ್ತೇನೆಂದು ಹೆಸರು ಕೊಟ್ಟಿದ್ದೇನೆ. ನಿಮ್ಮ ವೇಗದಲ್ಲೇ ನುಡಿಸಬೇಕು. ಆಗದಿದ್ದರೆ ಗಿಟಾರನ್ನು ಸಿದ್ದೀಕಾಳಿಗೆ ವಾಪಸ್ ಕೊಟ್ಟು ಸುಮ್ಮನಾಗುತ್ತೇನೆ. ಅರ್ಧಂಬರ್ಧ ಬರುವ ಕೆಲಸ ನನಗೆ ಇಷ್ಟವಿಲ್ಲ.

ಒಂದು ಪ್ರಶ್ನೆ. ನಿಮ್ಮ ಗಿಟಾರ್ ಎಲ್ಲರದಕ್ಕಿಂತ ಎರಡು ಫ್ರೆಟ್ ಮನೆಗೂ ಹೆಚ್ಚು ಎತ್ತರದ ಶ್ರುತಿಯಲ್ಲಿದೆ. ನೀವು ನನ್ನಂತೆ ಗಿಟಾರಿನ ಕೊರಳಿಗೆ ಶ್ರುತಿ ಏರಿಸುವ ಕ್ಲಿಪ್ ಹಾಕುತ್ತಿದ್ದಿರಾ, ಅಥವಾ ತಂತಿಯನ್ನೇ ಬಿಗಿದಿದ್ದಿರಾ? ಕರಿಬಸವರಾಜ ಅವರು ನಿಮ್ಮ ವಿಳಾಸ ಕೊಡುವಾಗ, "ಫೋನ್ ಮಾಡಬ್ಯಾಡ, ಅವ್ರು ಎತ್ತಲ್ಲ. ಕಾಗ್ದ ಬರಿ" ಎಂದರು. ಹೇಗೂ ನಮ್ಮ ಫೋನುಗಳು ವಾರವಿಡೀ ವಾರ್ಡನ್ ಬೀರುವಿನಲ್ಲೇ ಇರುತ್ತವೆ. ಒಂದು ಭಾನುವಾರ ಬಂದು ನಿಮ್ಮನ್ನು ನೋಡಬಹುದೆ?

ದುರ್ಗಾ


ದೇವಸ್ಥಾನ ರಸ್ತೆ, ಹರಿಹರ
20 ಆಗಸ್ಟ್ 2024

ಚಿರಂಜೀವಿ ದುರ್ಗಾಳಿಗೆ,

ಕಾಗದ ತಲುಪಿತು. ಲಕೋಟೆಯ ಮೇಲೆ ನನ್ನ ಹೆಸರಿನ ಜೊತೆ 'ಲೀಡ್ ಗಿಟಾರಿಸ್ಟ್' ಎಂದು ಬರೆದಿದ್ದೀಯ. ಅಂಚೆಯವನು ಅದನ್ನು ಓದಿ ನನ್ನ ಮುಖವನ್ನು ಎರಡು ಸಲ ನೋಡಿದ. ಅವನ ಮಟ್ಟಿಗೆ ನಾನು ಸೀರೆಗೆ ಫಾಲ್ ಹಚ್ಚುವ ಕಮಲಕ್ಕನ ಗಂಡ. ಅದೂ ಸುಳ್ಳಲ್ಲ. ಊರು ಕರೆದು ಕರೆದು ನನ್ನ ಬಾಯಲ್ಲೂ ಅವಳು ಕಮಲಕ್ಕನೇ. ಅವಳು ಹೊಲಿಯುತ್ತಾಳೆ, ನಾನು ಮಡಚಿ ಚೀಟಿ ಅಂಟಿಸುತ್ತೇನೆ. ಕೂದಲು ಈಗ ಭುಜದವರೆಗೆ ಇಲ್ಲ, ಕಿವಿಯವರೆಗೂ ಇಲ್ಲ.

ನೀನು ಅಷ್ಟು ಗೌರವದಿಂದ ಹೇಳುವ ಪೀಸಿಗೆ ನಮ್ಮ ಆರ್ಕೆಸ್ಟ್ರಾ ಪಾರ್ಟಿಯಲ್ಲಿ 'ಸೀರೆ ಪೀಸು' ಎಂದು ಹೆಸರು. ನಮ್ಮ ಗಾಯಕಿ ಸರೋಜಾ ಒಂದು ಕಾರ್ಯಕ್ರಮಕ್ಕೆ ಮೂರು ಸೀರೆ ಉಡುತ್ತಿದ್ದಳು. ಜನ ಬರುವುದು ಹಾಡಿಗಲ್ಲ, ಸೀರೆ ನೋಡಲು ಎಂಬುದು ಅವಳ ಖಚಿತ ಅಭಿಪ್ರಾಯ. ಅವಳು ಹಿಂದೆ ಸೀರೆ ಬದಲಿಸಿ ಬರುವವರೆಗೆ ಜನ ಎದ್ದು ಮಂಡಕ್ಕಿ ಮೆಣಸಿನಕಾಯಿಗೆ ಹೋಗದಂತೆ ಹಿಡಿದು ಕೂರಿಸುವುದು ನನ್ನ ಕೆಲಸ. ಪರದೆಯ ಸಂದಿನಲ್ಲಿ ಅವಳ ಬಳೆಯ ಕೈ ಕಂಡಿತೋ, ನಾನು ಸರಸರನೆ ಕೆಳಗಿಳಿದು ಮುಗಿಸುತ್ತಿದ್ದೆ. ಹೀಗೆ ಹುಟ್ಟಿದ್ದು ಆ ಪೀಸು. ಬೇರೆ ಯಾವ ದೊಡ್ಡ ಕಾರಣವೂ ಇರಲಿಲ್ಲ.

ಶ್ರುತಿಯ ವಿಷಯ. ನಾನು ಜನ್ಮದಲ್ಲಿ ಕ್ಲಿಪ್ ಹಾಕಿದವನಲ್ಲ. ಕ್ಲಿಪ್ ಹಾಕುವವರನ್ನು ಕಂಡರೆ ನಮಗೆ ಆಗ ನಗು ಬರುತ್ತಿತ್ತು. ನಿನ್ನ ಕಿವಿಗೆ ಏನು ಕೇಳಿಸುತ್ತದೋ ಅದಕ್ಕೆ ತಂತಿ ಹೊಂದಿಸಿಕೊ. ಬೇರೆಯವರ ಕಿವಿಯನ್ನು ನಂಬಬೇಡ, ನನ್ನದನ್ನೂ ಸೇರಿಸಿ.

ಬೆರಳ ತುದಿ ನೋಯುತ್ತಿದ್ದರೆ ನೋಯಲಿ. ನೋವು ಬಂದರೇ ಗಿಟಾರ್ ನಿನ್ನದಾಗುವುದು.

ಭಾನುವಾರ ಬರುವುದು ಬೇಡ. ಅಂಗಡಿಯಲ್ಲಿ ಕೂರಲು ಜಾಗವಿಲ್ಲ. ಏನು ಹೇಳುವುದಿದ್ದರೂ ಕಾಗದದಲ್ಲೇ ಹೇಳಬಹುದು, ಓದಲು ನನಗೆ ಬೇಕಾದಷ್ಟು ಸಮಯವಿದೆ.

ಪರಶುರಾಮ್


ಕಡರನಾಯಕನಹಳ್ಳಿ
8 ಸೆಪ್ಟೆಂಬರ್ 2024

ಪರಶುರಾಮ್ ಸರ್,

ಹಬ್ಬಕ್ಕೆ ಊರಿಗೆ ಬಂದಿದ್ದೇನೆ, ಗಿಟಾರನ್ನೂ ತಂದಿದ್ದೇನೆ. ಬರುವಾಗ ಹರಿಹರದಲ್ಲಿ ಬಸ್ಸು ಬದಲಿಸಿದೆ. ನಿಮ್ಮ ರಸ್ತೆ ಅಲ್ಲಿಂದ ಎಷ್ಟು ಹತ್ತಿರ ಎಂದು ಗೊತ್ತಿತ್ತು. ನೀವು ಬೇಡ ಎಂದಿದ್ದಿರಿ, ಹಾಗಾಗಿ ಬರಲಿಲ್ಲ.

ಕ್ಲಿಪ್ ತೆಗೆದು ಸಿದ್ದೀಕಾಳಿಗೆ ಕೊಟ್ಟೆ. ನೀವು ಹೇಳಿದಂತೆ ಕಿವಿಗೆ ಕೇಳಿಸಿದ ಎತ್ತರಕ್ಕೆ ತಂತಿಗಳನ್ನೇ ಬಿಗಿದೆ. ಮೂರನೆಯ ದಿನ ಸಣ್ಣ ತಂತಿ ಕಿತ್ತು ಕೆನ್ನೆಗೆ ಬಡಿಯಿತು, ಕಣ್ಣಿನ ಕೆಳಗೆ ಒಂದು ಗೆರೆ ಎದ್ದಿದೆ. ಸಿದ್ದೀಕಾ ಹೆದರಿ ಶ್ರುತಿ ಇಳಿಸು ಎಂದಳು. ಇಳಿಸಲಿಲ್ಲ. ಬಿಗಿದ ತಂತಿ ಒತ್ತುವುದು ಕಷ್ಟ, ಮೀಟುವುದು ಇನ್ನೂ ಕಷ್ಟ. ನೀವು ಹದಿನೆಂಟು ಇಪ್ಪತ್ತನೆಯ ವಯಸ್ಸಿಗೇ ಇದನ್ನೆಲ್ಲ ದಾಟಿರಬೇಕು.

ಇಲ್ಲಿ ಅಂಗಳದಲ್ಲಿ ನುಡಿಸಿದೆ. ಅವ್ವ ಅಂಜಿನವ್ವ ಕೆಲಸ ನಿಲ್ಲಿಸದೆ ಕೇಳಿದಳು. ಅಪ್ಪ ಗುತ್ತೆಪ್ಪ ಮಾತ್ರ ಎದುರಿಗೆ ಕೂತು, "ಇದನ್ನ ಕಲಿಯಾಕ ಇನ್ನ ಎಷ್ಟು ದಿನ ಬೇಕು?" ಎಂದು ಟ್ರ್ಯಾಕ್ಟರ್ ಕಲಿಯುವುದರ ಬಗ್ಗೆ ಕೇಳಿದಂತೆ ಕೇಳಿದರು. ಜನವರಿ ಎಂದೆ. ಸರಿ ಎಂದು ಎದ್ದು ಗದ್ದೆಗೆ ನೀರು ಬಿಡಲು ಹೋದರು. ಬೈಯಲಿಲ್ಲ. ಗದ್ದೆಯ ವಿಷಯಕ್ಕೆ ಅವರ ಮುಖ ಬದಲಾಗುತ್ತದಲ್ಲ, ನನ್ನ ನುಡಿಕೆಗೂ ಒಂದು ಸಲ ಹಾಗೆ ಬದಲಾಗಬೇಕು ಎಂದು ನನಗೆ ಆಸೆಯಾಯಿತು.

ನಿಮ್ಮ ಪೀಸಿನ ಕೆಳಗೆ ಜನ ಬರೆದಿರುವುದನ್ನು ನೀವು ಓದಿದ್ದೀರಾ? ಒಬ್ಬರು, ಆ ಕಾಲದಲ್ಲಿ ಈ ವೇಗದಲ್ಲಿ ನುಡಿಸಿದವರು ಕರ್ನಾಟಕದಲ್ಲೇ ಇರಲಿಲ್ಲ ಎಂದು ಬರೆದಿದ್ದಾರೆ. ನಾನು ಅದಕ್ಕೆ ಲೈಕ್ ಒತ್ತಿದೆ.

ಈ ಲಕೋಟೆಯಲ್ಲಿ ಒಂದು ಮೆಮೊರಿ ಕಾರ್ಡ್ ಇದೆ. ನಾನು ಮಾಳಿಗೆಯಲ್ಲಿ ನುಡಿಸಿದ್ದನ್ನು ಸಿದ್ದೀಕಾ ರೆಕಾರ್ಡ್ ಮಾಡಿದ್ದಾಳೆ. ಯಾರ ಮೊಬೈಲಿಗಾದರೂ ಹಾಕಿ ಕೇಳಿ. ದಯವಿಟ್ಟು ಚೆನ್ನಾಗಿದೆ ಎಂದು ಬರೆದು ಮುಗಿಸಬೇಡಿ.

ದುರ್ಗಾ


ಹರಿಹರ
25 ಸೆಪ್ಟೆಂಬರ್ 2024

ದುರ್ಗಾ,

ಕಾರ್ಡು ಬಂತು. ಕೇಳಿದೆ. ಕಮಲಕ್ಕನೂ ಕೇಳಿದಳು. ಮದುವೆಯಾದ ಹೊಸತರಲ್ಲಿ ಒಂದು ಕಾರ್ಯಕ್ರಮವನ್ನೂ ತಪ್ಪಿಸದೆ ಮೊದಲ ಸಾಲಿನಲ್ಲಿ ಕೂತವಳು ಅವಳು, ನನ್ನ ನುಡಿಕೆ ಅವಳಿಗೆ ಬಾಯಿಪಾಠ.

ಚೆನ್ನಾಗಿದೆ ಎಂದು ಮುಗಿಸಬೇಡಿ ಎಂದಿದ್ದೀಯ, ಮುಗಿಸುವುದಿಲ್ಲ. ನೀನು ಓಡುತ್ತಿದ್ದೀಯ. ಕಮಲಕ್ಕನ ಮಾತಿನಲ್ಲೇ ಹೇಳುವುದಾದರೆ, "ಹುಡುಗಿ ಕೈ ಚಂದ ಐತೆ, ಆದ್ರ ಯಾಕ ಇಷ್ಟು ಓಡ್ತಾಳ?" ನನ್ನದೂ ಅದೇ ಅಭಿಪ್ರಾಯ. ಹೊಸಬರೆಲ್ಲ ಓಡುತ್ತಾರೆ. ಒಂದು ಸ್ವರದ ಮೇಲೆ ನಿಂತರೆ ಜನ ತಮ್ಮನ್ನು ನೋಡಿಬಿಡುತ್ತಾರೆ ಎಂಬ ಹೆದರಿಕೆ. ನನಗೂ ಇತ್ತು.

ಯೂಟ್ಯೂಬಿನಲ್ಲಿ ಜನ ಬರೆದದ್ದನ್ನು ಕಮಲಕ್ಕ ಸದ್ದು ಹಾಕದೆ ತೋರಿಸಿದಳು, ಎಲ್ಲವನ್ನೂ ಓದಿದೆ. ಒಂದನ್ನು ಎರಡು ಸಲ ಓದಿದೆ, ಯಾವುದು ಎಂದು ಹೇಳುವುದಿಲ್ಲ. ಮೂವತ್ತು ವರ್ಷ ತಡವಾಗಿ ಬಂದರೂ ಹೊಗಳಿಕೆ ಹಳಸುವುದಿಲ್ಲ ಎಂದು ಗೊತ್ತಾಯಿತು.

ಕೆನ್ನೆಯ ಗಾಯಕ್ಕೆ ಅರಿಸಿನ ಹಚ್ಚು. ತಂತಿ ಕಿತ್ತದ್ದು ಅಗ್ಗದ ತಂತಿ ಇದ್ದೀತು. ಒಳ್ಳೆಯದನ್ನು ಕೊಂಡುಕೊ.

ಪರಶುರಾಮ್


ವಿದ್ಯಾನಗರ, ದಾವಣಗೆರೆ
10 ಅಕ್ಟೋಬರ್ 2024

ಪರಶುರಾಮ್ ಸರ್,

ಓಡುತ್ತಿದ್ದೀಯ ಎಂದು ಬರೆದಿರಿ. ಮೊದಲು ಸಿಟ್ಟು ಬಂತು. ನಿಮ್ಮಷ್ಟು ವೇಗ ಬರುತ್ತಿಲ್ಲ ಎನ್ನುವುದೇ ನನ್ನ ಚಿಂತೆ, ನೀವು ನೋಡಿದರೆ ಓಡುತ್ತೇನೆ ಎನ್ನುತ್ತೀರಿ. ಆಮೇಲೆ ಅರ್ಥವಾಯಿತು. ಆ ವೇಗ ನಿಮಗೆ ನಡಿಗೆ, ನನಗೆ ಓಟ. ನೀವು ನಡೆಯುತ್ತಿದ್ದೀರಿ, ನಾನು ಏದುಸಿರು ಬಿಡುತ್ತಾ ಹಿಂದೆ ಬರುತ್ತಿದ್ದೇನೆ. ಅದು ಕೇಳುವವರಿಗೆ ಗೊತ್ತಾಗುತ್ತದೆ.

ಹಾಗಾದರೆ ಅದು ನನಗೂ ನಡಿಗೆ ಆಗುವವರೆಗೆ ನುಡಿಸಬೇಕು. ದಸರಾ ರಜೆಗೆ ಊರಿಗೆ ಹೋಗುವುದಿಲ್ಲ, ಸಿದ್ದೀಕಾಳ ಮನೆಯಲ್ಲಿ ಇರುತ್ತೇನೆ. ಒಳ್ಳೆಯ ತಂತಿ ತಂದಿದ್ದೇನೆ, ಇನ್ನೂ ಕಿತ್ತಿಲ್ಲ.

ಬಸ್ಸಿನಲ್ಲಿ ಕೂತು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಅದಕ್ಕೇ. ಬೇರೆ ಏನೂ ವಿಶೇಷವಿಲ್ಲ.

ದುರ್ಗಾ


ಹರಿಹರ
6 ನವೆಂಬರ್ 2024

ದುರ್ಗಾ,

ದೀಪಾವಳಿಯ ಸೀರೆಗಳ ರಾಶಿಯಲ್ಲಿ ನಿನ್ನ ಕಾಗದಕ್ಕೆ ಉತ್ತರ ಬರೆಯುವುದು ತಡವಾಯಿತು. ನಿನ್ನ ಬಸ್ಸು ಬಹಳ ಕೆಟ್ಟ ರಸ್ತೆಯಲ್ಲಿ ಹೋಗಿರಬೇಕು. 'ವಿಶೇಷವಿಲ್ಲ' ಎನ್ನುವುದನ್ನು ಓದಲು ನಾವಿಬ್ಬರೂ ಕನ್ನಡಕ ಹಾಕಿಕೊಂಡೆವು.

ನಡಿಗೆ, ಓಟ ಎಂದು ಚೆನ್ನಾಗಿ ಬರೆದಿದ್ದೀಯ. ನನಗೆ ಪೂರ್ತಿ ಅರ್ಥವಾಗಲಿಲ್ಲ. ಹಟವಂತೂ ಅರ್ಥವಾಯಿತು. ಸರೋಜಾ ನಿನ್ನನ್ನು ನೋಡಿದ್ದರೆ ಇಷ್ಟಪಡುತ್ತಿದ್ದಳು, ಅವಳೂ ಪಿನ್ನು ಒಂದು ಗೆರೆ ಆಚೆ ಹೋದರೆ ಮತ್ತೆ ಮೊದಲಿನಿಂದ ನೆರಿಗೆ ಹಿಡಿಯುವವಳು.

ಈ ಸಲ ಕಾರ್ಡು ಬರಲಿಲ್ಲ. ಕಮಲಕ್ಕ ದಿನಾ ಕೇಳುತ್ತಾಳೆ. ಅಂಚೆಯವನನ್ನು ಕಂಡರೆ ನಾನೂ ಬಾಗಿಲಿಗೆ ಬರುತ್ತೇನೆ.

ಪರಶುರಾಮ್


ಎಂ.ಸಿ.ಸಿ. 'ಬಿ' ಬ್ಲಾಕ್, ದಾವಣಗೆರೆ
2 ಡಿಸೆಂಬರ್ 2024

ಪರಶುರಾಮ್ ಸರ್,

ಮಾತು ನನ್ನದು, ಅಕ್ಷರ ಸಿದ್ದೀಕಾಳದು. ಬಲಗೈ ಮಣಿಕಟ್ಟು ಬಾತುಕೊಂಡಿದೆ. ಪೆನ್ನು ಹಿಡಿಯಲು ಬರುವುದಿಲ್ಲ. ಹಿಂದಿನ ಕಾಗದ ಬಸ್ಸಿನಲ್ಲಿ ಬರೆದದ್ದಲ್ಲ.

ದಸರಾ ಹೊತ್ತಿಗೇ ಶುರುವಾಗಿತ್ತು. ನೋವು ಬಂದರೇ ಗಿಟಾರ್ ನಿನ್ನದಾಗುವುದು ಎಂದು ನೀವು ಬರೆದಿದ್ದಿರಿ, ಅದಕ್ಕೇ ಯಾರಿಗೂ ಹೇಳಲಿಲ್ಲ. ಡಾಕ್ಟರು ಮೀಟುವ ಕೈಗೆ ಮೂರು ವಾರ ಪೂರ್ತಿ ವಿಶ್ರಾಂತಿ ಎಂದಿದ್ದಾರೆ. ಹೀಗೇ ಮಾಡಿದರೆ ಕೈಯೇ ಹೋಗುತ್ತದೆ ಎಂದೂ ಹೇಳಿದರು.

ಕೈಗಿಂತ ದೊಡ್ಡ ವಿಷಯ ಬೇರೆ. ನೀವು ಆ ಪೀಸನ್ನು ಮೂರು ನಿಮಿಷ ಇಪ್ಪತ್ತು ಸೆಕೆಂಡಿಗೆ ಮುಗಿಸುತ್ತೀರಿ. ನಾನು ನವೆಂಬರ್ ಪೂರ್ತಿ ನುಡಿಸಿದರೂ ಮೂರು ಐವತ್ತಕ್ಕಿಂತ ಕೆಳಗೆ ಇಳಿಯಲಿಲ್ಲ. ಅದೂ ಕಣ್ಣಿಗೆ ಕತ್ತಲೆ ಕಟ್ಟುವಂತೆ ನುಡಿಸಿ. ಅದು ನನ್ನಿಂದ ಆಗುವುದಿಲ್ಲ. ಕೆಲವರಿಗೆ ಬರುತ್ತದೆ, ಕೆಲವರಿಗೆ ಇಲ್ಲ, ಅಷ್ಟೇ. ಇದರಲ್ಲಿ ಅಳುವಂಥದ್ದೇನೂ ಇಲ್ಲ. ಅತ್ತದ್ದು ಒಂದೇ ದಿನ.

ಭಾನುವಾರ ಗಿಟಾರನ್ನು ಒರೆಸಿ ಇವರ ಮನೆಗೆ ಒಪ್ಪಿಸುತ್ತೇನೆ. ವಾರ್ಷಿಕೋತ್ಸವದ ಪಟ್ಟಿಯಿಂದ ಹೆಸರು ತೆಗೆಸುತ್ತೇನೆ. ನೀವು ನನಗೆ ಕಾಗದ ಬರೆದಿರಿ, ಅದು ದೊಡ್ಡದು. ನಿಮ್ಮನ್ನು ಒಂದು ಸಲ ನೋಡಬೇಕೆಂದಿತ್ತು.

ದುರ್ಗಾ

ಸರ್, ಇದು ಸಿದ್ದೀಕಾ, ನನ್ನ ಸ್ವಂತ ಮಾತು. ಇವಳು ಒಪ್ಪಿಸಿದರೆ ನಮ್ಮ ಅಣ್ಣ ಅದನ್ನು ಮಾರುತ್ತಾನೆ, ಗಿರಾಕಿಯೂ ಇದ್ದಾನೆ. ಇವಳು ನನ್ನ ಮಾತು ಕೇಳುವುದಿಲ್ಲ. ನಿಮ್ಮದು ಕೇಳುತ್ತಾಳೆ.


ಹರಿಹರ
6 ಡಿಸೆಂಬರ್ 2024

ದುರ್ಗಾ,

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ಭಾನುವಾರದೊಳಗೆ ತಲುಪದಿದ್ದರೆ ಕಷ್ಟ. ಬರೆದು ಮುಗಿಸಿ ನಾನೇ ಬಸ್ಸು ಹತ್ತಿ ನಿಮ್ಮ ಹಾಸ್ಟೆಲ್ಲಿಗೆ ತರುತ್ತೇನೆ.

ನೀನು ಮೂರು ನಿಮಿಷ ಇಪ್ಪತ್ತು ಸೆಕೆಂಡು ಎಂದು ಬರೆದಿದ್ದೀಯ. ಅದನ್ನು ಓದಿ ನಾನು ಕಮಲಕ್ಕನಿಗೆ ತೋರಿಸಿದೆ. ಅವಳು ಸೂಜಿ ಕೆಳಗಿಟ್ಟು, "ಅಷ್ಟರಾಗ ಸರೋಜಾ ಸೀರಿ ಉಟ್ಟು ಬಂದ್ಳಾ?" ಎಂದಳು.

ಬರಲಿಲ್ಲ. ಬರಲು ಸಾಧ್ಯವೇ ಇಲ್ಲ. ಉಟ್ಟದ್ದನ್ನು ಬಿಚ್ಚಬೇಕು, ಹೊಸದರ ನೆರಿಗೆ ಹಿಡಿಯಬೇಕು, ಸೆರಗಿಗೆ ಪಿನ್ನು, ಬಳೆ ಬದಲಿಸಬೇಕು, ಕನ್ನಡಿಯಲ್ಲಿ ಹಿಂದೆ ಮುಂದೆ ನೋಡಬೇಕು. ನಮ್ಮ ಕೀಬೋರ್ಡಿನ ಹನುಮೇಶ್ ಅವಳನ್ನು ರೇಗಿಸಲು ಗಡಿಯಾರ ಹಿಡಿದು ಕೂರುತ್ತಿದ್ದ. ಅಷ್ಟು ವರ್ಷದಲ್ಲಿ ಒಮ್ಮೆಯೂ ಅವಳು ನಾಲ್ಕು ನಿಮಿಷದ ಒಳಗೆ ಬಂದದ್ದಿಲ್ಲ. ಅವಳು ಬರುವವರೆಗೆ ನಾನು ಮುಗಿಸಿದ್ದೂ ಇಲ್ಲ. ಮುಗಿಸಿದ್ದರೆ ಖಾಲಿ ಸ್ಟೇಜಿನಲ್ಲಿ ನಿಲ್ಲಬೇಕಿತ್ತು.

ಆದದ್ದು ಏನೆಂದು ಈಗ ಗೊತ್ತಾಯಿತು. ಆ ವರ್ಷ ಪೆಂಡಾಲಿನಲ್ಲಿ ಕರೆಂಟಿನ ತಂಟೆ ಇತ್ತು, ಜನರೇಟರ್ ನಮ್ಮ ಸ್ಪೀಕರುಗಳಿಗಷ್ಟೇ ಸಾಲುತ್ತಿತ್ತು. ಕರಿಬಸವರಾಜ ಸೆಲ್ಲು ಹಾಕಿದ ಟೇಪ್ ರೆಕಾರ್ಡರಿನಲ್ಲಿ ತುಂಬಿಕೊಂಡ. ಸೆಲ್ಲು ಬದಲಿಸುವ ವಿಷಯದಲ್ಲಿ ಅವನು ಎಂಥ ಜಿಪುಣ ಎಂಬುದು ಊರಿಗೇ ಗೊತ್ತು. ಸೆಲ್ಲು ಸೊರಗಿದರೆ ಟೇಪು ನಿಧಾನ ಸುತ್ತುತ್ತದೆ. ಹಾಗೆ ನಿಧಾನವಾಗಿ ತುಂಬಿದ್ದನ್ನು ಆಮೇಲೆ ಸರಿಯಾದ ವೇಗದಲ್ಲಿ ಸುತ್ತಿಸಿದರೆ ಹಾಡು ಓಡುತ್ತದೆ, ಶ್ರುತಿಯೂ ಮೇಲೇರುತ್ತದೆ. ನೀನು ಕೇಳಿದ ಎರಡು ಮನೆಯ ಎತ್ತರ ಅದು. ನೀನು ಬೆನ್ನಟ್ಟಿದ ವೇಗವೂ ಅದೇ.

ನಾನು ಎಂದೂ ಅಷ್ಟು ವೇಗವಾಗಿ ನುಡಿಸಿಲ್ಲ. ನನ್ನ ಗಿಟಾರ್ ಎಲ್ಲರದರಂತೆಯೇ ಇತ್ತು. ಇವತ್ತೇ ತಂತಿಗಳನ್ನು ಇಳಿಸು. ನಿನ್ನ ಮೂರು ಐವತ್ತು ಇದೆಯಲ್ಲ, ಅದು ನನ್ನದಕ್ಕಿಂತ ಮುಂದೆ ಹೋಗಿದೆ. ಕಮಲಕ್ಕ ಸರಿಯಾಗಿಯೇ ಹೇಳಿದ್ದಳು.

ಗಿಟಾರನ್ನು ಒಪ್ಪಿಸಬೇಡ. ಕೈಗೆ ವಿಶ್ರಾಂತಿ ಕೊಡು. ಬೆರಳ ತುದಿಯ ನೋವನ್ನು ಮಾತ್ರ ನಾನು ಹೇಳಿದ್ದು, ಮಣಿಕಟ್ಟಿನದಲ್ಲ. ಬಿಡಿಸಿ ಬರೆಯಬೇಕಿತ್ತು.

ಪರಶುರಾಮ್


ವಿದ್ಯಾನಗರ, ದಾವಣಗೆರೆ
12 ಡಿಸೆಂಬರ್ 2024

ಪರಶುರಾಮ್ ಸರ್,

ನಿಧಾನವಾಗಿ, ನನ್ನ ಕೈಯಲ್ಲೇ ಬರೆಯುತ್ತಿದ್ದೇನೆ.

ಶುಕ್ರವಾರ ನೀವು ಬಂದಾಗ ನಾನು ಮೆಟ್ಟಿಲು ಇಳಿದು ಓಡಿ ಬಂದು, ಒಳಗೆ ಬನ್ನಿ, ಕೂತುಕೊಳ್ಳಿ ಎಂದೆ. ನೀವು, "ಹೌದವ್ವ, ಆರಕ್ಕೆ ಇನ್ನೊಂದು ಬಸ್ಸೈತೆ" ಎಂದಿರಿ. ಕೈ ಹೇಗಿದೆ ಎಂದು ನೀವು ಕೇಳಿದಿರಿ, ನಾನು ಹೇಳಿದೆ, ನೀವು ನಕ್ಕಿರಿ. ನಗುವ ಮಾತು ನಾನು ಆಡಿರಲಿಲ್ಲ. ಆಮೇಲೆ ನೀವು ರಸ್ತೆ ದಾಟುವಾಗ ಶಾಲೆಯ ವ್ಯಾನು ಹಿಂದಿನಿಂದ ಹಾರ್ನ್ ಹೊಡೆಯುತ್ತಲೇ ಬಂತು. ನೀವು ತಿರುಗಲಿಲ್ಲ. ನಮ್ಮ ವಾಚ್‌ಮನ್ ಸೂರಪ್ಪ ಓಡಿ ಹೋಗಿ ನಿಮ್ಮ ತೋಳು ಹಿಡಿದು ಎಳೆದ. ವಾಪಸ್ ಬಂದು ನನಗೆ, "ಕಿವಿ ಕೇಳಲ್ಲ ಕಣವ್ವ ಅವ್ರಿಗೆ. ಗೇಟಿಗೆ ಬಂದ ಕೂಡ್ಲೆ ಗೊತ್ತಾತು" ಎಂದ.

ವಾಚ್‌ಮನ್‌ಗೆ ಗೊತ್ತಾಗಿದ್ದು ನನಗೆ ನಾಲ್ಕು ತಿಂಗಳಾದರೂ ಗೊತ್ತಾಗಲಿಲ್ಲ. ದೊಡ್ಡ ಕಲಾವಿದರು, ಯಾರನ್ನೂ ಹತ್ತಿರ ಬಿಟ್ಟುಕೊಳ್ಳುವುದಿಲ್ಲ ಎಂದುಕೊಂಡಿದ್ದೆ. ಮೆಮೊರಿ ಕಾರ್ಡ್ ಕೇಳಿದೆ ಎಂದು ಬರೆದಿರಿ. ಆ ವಾಕ್ಯವನ್ನು ನಾನು ಎಷ್ಟು ಸಲ ಓದಿದ್ದೇನೆ ಎಂದು ನಿಮಗೆ ಗೊತ್ತಿಲ್ಲ. ನನಗೆ ನೋವಾಗಿದೆ.

ಗಿಟಾರ್ ಒಪ್ಪಿಸಿಲ್ಲ. ತಂತಿ ಇಳಿಸಿದೆ. ಎಡಗೈಯನ್ನು ಮಾತ್ರ ಓಡಾಡಿಸುತ್ತೇನೆ, ಮೀಟುವುದಿಲ್ಲ, ಸದ್ದಿಲ್ಲ. ನಿಮ್ಮ ನಿಜವಾದ ವೇಗದಲ್ಲಿ ಬೆರಳುಗಳು ಏನೂ ಕಷ್ಟವಿಲ್ಲದೆ ಹೋಗುತ್ತವೆ. ಸಂತೋಷವಾಗಬೇಕಿತ್ತು, ಆಗಲಿಲ್ಲ.

ನನಗೆ ಇಷ್ಟವಾದದ್ದು ಆ ಟೇಪಿನಲ್ಲಿದ್ದ ಮನುಷ್ಯ. ಜೂನ್‌ನಿಂದ ನಾನು ಬೆಳಗಾಗೆದ್ದರೆ ಅವನ ಬಗ್ಗೆಯೇ ಯೋಚಿಸುತ್ತಿದ್ದೆ. ಅವನು ಹುಟ್ಟಿಯೇ ಇರಲಿಲ್ಲ ಎಂದು ನೀವು ಬರೆದು ತಂದು ಕೊಟ್ಟಿರಿ. ನಿಮ್ಮ ತಪ್ಪಿಲ್ಲ, ಕರಿಬಸವರಾಜ ಅವರದೂ ಇಲ್ಲ. ಆದರೆ ಜನವರಿಯಲ್ಲಿ ನಾನು ಸ್ಟೇಜಿಗೆ ಹೋದರೆ ಯಾರ ಪೀಸು ನುಡಿಸುವುದು? ಅವನದು ಬರುವುದಿಲ್ಲ. ನಿಮ್ಮದು ನನಗೆ ಇನ್ನೂ ಪರಿಚಯವಿಲ್ಲ. ಹೆಸರು ತೆಗೆಸಲು ಇಪ್ಪತ್ತೆಂಟನೆಯ ತಾರೀಕಿನವರೆಗೆ ಸಮಯವಿದೆ.

ದುರ್ಗಾ


ಹರಿಹರ
20 ಡಿಸೆಂಬರ್ 2024

ದುರ್ಗಾ,

ಕೇಳಿದೆ ಎಂದು ಬರೆದದ್ದು ಸುಳ್ಳು. ಕಮಲಕ್ಕ ಕೇಳಿ ಹೇಳಿದಳು, ನಾನು ಬರೆದೆ.

ಸ್ಟೇಜಿನಲ್ಲಿ ನನ್ನ ಜಾಗ ಡ್ರಮ್ಮಿಗೂ ಸ್ಪೀಕರಿಗೂ ನಡುವೆ. ಒಂದೊಂದು ಕಿವಿಯ ಪಕ್ಕದಲ್ಲಿ ಒಂದೊಂದು. ಹದಿನೆಂಟು ವರ್ಷ ಹಾಗೆ ನಿಂತೆ. ಮೊದಲು ಸಣ್ಣ ತಂತಿಯ ಮೇಲಿನ ಸ್ವರಗಳು ಹೋದವು, ಆಮೇಲೆ ಹೆಂಗಸರ ದನಿ, ಕೊನೆಗೆ ಉಳಿದದ್ದೆಲ್ಲ. ಕಿವಿಗೆ ಮಿಷನ್ ಹಾಕಿ ನೋಡಿದೆ, ಅದರಲ್ಲಿ ಎಲ್ಲವೂ ಡಬ್ಬಿ ಉರುಳಿದಂತೆ ಕೇಳಿಸಿತು, ತೆಗೆದಿಟ್ಟೆ. ಈಗ ಕಮಲಕ್ಕನ ತುಟಿ ಓದುತ್ತೇನೆ. ಅವಳು ಬೈಯುವಾಗ ಬೇರೆ ಕಡೆ ನೋಡುತ್ತೇನೆ.

ನಿನಗೆ ಯಾಕೆ ಹೇಳಲಿಲ್ಲ ಎಂದರೆ, ಕಿವಿ ಕೇಳುವುದಿಲ್ಲ ಎಂದು ಬರೆದಿದ್ದರೆ ನೀನು ಮರ್ಯಾದೆಯಿಂದ ಇನ್ನೊಂದು ಕಾಗದ ಬರೆದು ನಿಲ್ಲಿಸಿಬಿಡುತ್ತಿದ್ದೆ. ಗಿಟಾರಿನ ವಿಷಯ ಮಾತಾಡಲು ಕಿವುಡನನ್ನು ಯಾರು ಹುಡುಕಿಕೊಂಡು ಬರುತ್ತಾರೆ? ನನಗೆ ನಿನ್ನ ಕಾಗದಗಳು ಬೇಕಾಗಿದ್ದವು. ಅದಕ್ಕೆ ನೀನು ಕೊಟ್ಟ ಬೆಲೆ ನಿನ್ನ ಮಣಿಕಟ್ಟು. ಕೇಳುವ ಕಿವಿ ಇದ್ದಿದ್ದರೆ ಸೆಪ್ಟೆಂಬರಿನಲ್ಲೇ ನಿನ್ನನ್ನು ತಡೆಯುತ್ತಿದ್ದೆ.

ಆ ಟೇಪಿನ ಮನುಷ್ಯನ ಬಗ್ಗೆ. ನನಗೂ ಅವನ ಮೇಲೆ ಸ್ವಲ್ಪ ಹೊಟ್ಟೆಕಿಚ್ಚಿದೆ. ಹೊಗಳಿಕೆಯೆಲ್ಲ ಅವನಿಗೆ ಬಂದದ್ದು. ಆದರೂ ಒಂದು ಮಾತು ಹೇಳುತ್ತೇನೆ. ಬೆರಳುಗಳು ನನ್ನವು, ವೇಗ ಸೆಲ್ಲಿನದು, ಅವೆರಡನ್ನೂ ಸೇರಿಸಿ ಒಬ್ಬ ಮನುಷ್ಯನನ್ನಾಗಿ ಮಾಡಿದ್ದು ನೀನು. ಮಾಳಿಗೆಯ ಮೇಲೆ ಆರು ತಿಂಗಳು ಅವನು ಇದ್ದ. ಅಲ್ಲಿ ನುಡಿಸುತ್ತಿದ್ದವಳು ನೀನೊಬ್ಬಳೇ.

ವೇಗವಾಗಿ ನುಡಿಸು, ನಿಧಾನವಾಗಿ ನುಡಿಸು ಎಂದು ನಾನು ಇನ್ನು ಹೇಳುವುದಿಲ್ಲ. ಹೇಳಿದ್ದರಿಂದ ಆದದ್ದು ಸಾಕು. ನುಡಿಸಿದರೆ ತಿಳಿಸು, ಬಂದು ಕೂರುತ್ತೇನೆ. ಕೇಳಿದೆ ಎಂದು ಆಮೇಲೆ ಬರೆಯುವುದಿಲ್ಲ.

ಪರಶುರಾಮ್


ವಿದ್ಯಾನಗರ, ದಾವಣಗೆರೆ
8 ಜನವರಿ 2025

ಪರಶುರಾಮ್ ಸರ್,

ಹೆಸರು ತೆಗೆಸಲಿಲ್ಲ. ಇಪ್ಪತ್ತೈದನೆಯ ತಾರೀಕು ಶನಿವಾರ, ಸಂಜೆ ಐದಕ್ಕೆ, ಕಾಲೇಜಿನ ಸಭಾಂಗಣದಲ್ಲಿ. ಕಮಲಕ್ಕ ಅವರನ್ನೂ ಕರೆದುಕೊಂಡು ಬನ್ನಿ. ಸಿದ್ದೀಕಾ ಗೇಟಿನಲ್ಲಿ ನಿಂತಿರುತ್ತಾಳೆ. ನನ್ನ ಅಪ್ಪನೂ ಬರುತ್ತಾರೆ.

ಕೈ ಊತ ಇಳಿದಿದೆ. ಡಾಕ್ಟರು ಸ್ವಲ್ಪ ಸ್ವಲ್ಪ ನುಡಿಸಬಹುದು ಎಂದಿದ್ದಾರೆ, ಅಷ್ಟೇ ನುಡಿಸುತ್ತಿದ್ದೇನೆ. ಎಷ್ಟು ವೇಗ ಎಂದು ಕೇಳಬೇಡಿ. ಗಡಿಯಾರವನ್ನು ಸಿದ್ದೀಕಾ ಬಚ್ಚಿಟ್ಟಿದ್ದಾಳೆ.

ನಿಮಗೆ ಎಲ್ಲಿ ಕೂತರೆ ನನ್ನ ಎಡಗೈ ಕಾಣುತ್ತದೋ ನಾನೇ ನೋಡಿ ಆ ಕುರ್ಚಿ ಹಿಡಿದಿಡುತ್ತೇನೆ.

ದುರ್ಗಾ


ಹರಿಹರ
27 ಜನವರಿ 2025

ದುರ್ಗಾ,

ಆ ದಿನ ನಿನ್ನ ಸುತ್ತ ಗೆಳತಿಯರ ಗುಂಪು. ಕೊನೆಯ ಬಸ್ಸು ತಪ್ಪುತ್ತದೆಂದು ನಾವು ಹೇಳದೆ ಹೊರಟೆವು. ಕುರ್ಚಿ ಒಳ್ಳೆಯ ಜಾಗದಲ್ಲಿತ್ತು.

ನೀನು ಮೂರನೆಯವಳು. ಶುರು ಮಾಡಿದ್ದು ನನ್ನ ಪೀಸನ್ನೇ. ಮೊದಲ ಭಾಗ ನಾನು ನುಡಿಸುತ್ತಿದ್ದಂತೆಯೇ ಇತ್ತು. ಬೆರಳು ನೋಡಿದರೆ ನನಗೆ ತಿಳಿಯುತ್ತದೆ. ಎರಡನೆಯ ಭಾಗದಲ್ಲಿ ನೀನು ಓಡಿದೆ, ಆ ಇನ್ನೊಬ್ಬನೂ ಬಂದ ಎಂದುಕೊಂಡೆ. ಮಣಿಕಟ್ಟು ಸಡಿಲವಾಗಿತ್ತು. ಅದನ್ನೇ ನೋಡುತ್ತಿದ್ದೆ, ನೋವಿನ ಗುರುತು ಕಾಣಲಿಲ್ಲ. ನನಗೆ ಬಹಳ ಸಮಾಧಾನವಾಯಿತು.

ಆಮೇಲೆ ಕೆಳಗೆ ಇಳಿಯುವ ಜಾಗ ಬಂತು. ಆ ಪೀಸನ್ನು ನಾನು ನೂರಾರು ಸಲ ನುಡಿಸಿದ್ದೇನೆ, ಅಲ್ಲಿ ಪ್ರತಿ ಸಲವೂ ಇಳಿದಿದ್ದೇನೆ. ನೀನು ಇಳಿಯಲಿಲ್ಲ. ಎಡಗೈ ಮೇಲಕ್ಕೆ ಹೋಯಿತು, ಸಣ್ಣ ತಂತಿಯ ಮೇಲೆ, ಕೊರಳು ಮುಗಿಯುವವರೆಗೆ ಹೋಗಿ ಅಲ್ಲಿ ನಿಂತಿತು. ತುಂಬ ಹೊತ್ತು ನಿಂತಿತು.

ಅಲ್ಲಿಯವರೆಗೆ ಹಿಂದಿನ ಸಾಲಿನ ಹುಡುಗರು ಕಾಲು ಕುಣಿಸುತ್ತಿದ್ದರು. ನನಗೆ ಅದು ನೆಲದಿಂದ ತಿಳಿಯುತ್ತಿತ್ತು. ಆಗ ನೆಲ ನಿಂತಿತು. ಪಕ್ಕದಲ್ಲಿದ್ದ ನಿಮ್ಮ ಅಪ್ಪ ಎರಡೂ ಕೈ ಮೊಣಕಾಲಿನ ಮೇಲಿಟ್ಟು ಮುಂದಕ್ಕೆ ಬಾಗಿದರು, ಬಾಯಿ ಸ್ವಲ್ಪ ತೆರೆದಿತ್ತು. ಕಮಲಕ್ಕ ಸೆರಗನ್ನು ಮುಖಕ್ಕೆ ಹಿಡಿದಳು. ಇಡೀ ಸಭಾಂಗಣಕ್ಕೆ ಏನೋ ಆಗುತ್ತಿತ್ತು, ನಾನೊಬ್ಬ ಮಾತ್ರ ಅವರ ಮುಖ ನೋಡುತ್ತಾ ಹೊರಗೆ ಕೂತಿದ್ದೆ.

ಬಸ್ಸಿನಲ್ಲಿ ಕಮಲಕ್ಕನನ್ನು ಕೇಳಿದೆ, ಏನು ನುಡಿಸಿದಳು ಎಂದು. "ಹೆಂಗೆ ಹೇಳ್ಲಿ? ಚಂದ ಇತ್ತು" ಎಂದಳು. ಇನ್ನೊಂದು ಸಲ ಕೇಳಿದರೂ ಅಷ್ಟೇ ಹೇಳಿದಳು.

ನಿನ್ನೆ ಅಟ್ಟದಿಂದ ನನ್ನ ಗಿಟಾರ್ ಇಳಿಸಿ, ನೀನು ಬೆರಳಿಟ್ಟ ಜಾಗದಲ್ಲಿ ಬೆರಳಿಟ್ಟೆ. ಯಾವ ಸ್ವರ ಎಂದು ನನಗೆ ಗೊತ್ತು. ಜನ ಯಾಕೆ ಸುಮ್ಮನಾದರು ಎಂದು ಗೊತ್ತಾಗಲಿಲ್ಲ. ನಾನು ಅಲ್ಲಿಗೆ ಒಮ್ಮೆಯೂ ಹೋಗಿಲ್ಲ.

ಅಲ್ಲಿ ಹೇಗಿತ್ತು? ಅವಸರವಿಲ್ಲ, ಕೈಗೆ ನೋವಾಗದಂತೆ, ನಿಧಾನವಾಗಿ ಬರೆ.

ಪರಶುರಾಮ್